ಆಬ್ಸಿಡಿಯನ್ ಆರ್ಡರ್: ದರ್ಜಿ ಅಂಗಡಿಯ ಗೂಢಚಾರ

ಬಾಹ್ಯಾಕಾಶ ನಿಲ್ದಾಣದಲ್ಲೊಂದು ದರ್ಜಿ ಅಂಗಡಿ. ಮಾಲೀಕ ಗ್ಯಾರಕ್, ನಯವಾದ ಮಾತುಗಾರ. 1993ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಈ ಪಾತ್ರ, ಹಿಂದೆ ಕಾರ್ಡಾಸಿಯಾ ಎಂಬ ಕಾಲ್ಪನಿಕ ರಾಷ್ಟ್ರದ ಗುಪ್ತಚರ ಸಂಸ್ಥೆ ಆಬ್ಸಿಡಿಯನ್ ಆರ್ಡರ್‌ನ ಏಜೆಂಟ್.

ಹೊರಗೆ ಬೇಹುಗಾರಿಕೆ, ಒಳಗೆ ಸ್ವಂತ ಪ್ರಜೆಗಳ ಮೇಲೇ ಕಣ್ಣು. ಯಾರು ಏನು ಉಂಡರು ಅನ್ನೋದೂ ದಾಖಲಾಗುತ್ತೆ ಅಂತ ಅಲ್ಲಿನ ಮಾತು. ಆದರೆ ಯುದ್ಧನೌಕೆ ಇಟ್ಟುಕೊಳ್ಳೋ ಹಾಗಿಲ್ಲ. ಅದು ಸೇನೆಯ ಹಕ್ಕು.

ಆ ಗೆರೆಯನ್ನೇ ದಾಟಿದರು. ಗುಟ್ಟಾಗಿ ನೌಕೆ ಕಟ್ಟಿದರು. ಮಾಜಿ ಮುಖ್ಯಸ್ಥ ಎನಾಬ್ರಾನ್ ಟೇನ್, ಮತ್ತೊಂದು ಜನಾಂಗವಾದ ರೋಮುಲನ್ನರ ಗುಪ್ತಚರ ಸಂಸ್ಥೆ ಟಾಲ್ ಶಿಯಾರ್ ಜೊತೆ ಸೇರಿ, ರೂಪ ಬದಲಿಸಬಲ್ಲ ಶತ್ರುವಿನ ತಾಯ್ನೆಲಕ್ಕೇ ಹೊರಟ.

ದಾರಿಯಲ್ಲೊಂದು ವಿಚಾರಣೆ; ನಡೆಸೋನು ಟೇನ್ ಜೊತೆ ಸೇರಿಕೊಂಡ ಗ್ಯಾರಕ್. 1995ರ ಈ ದೃಶ್ಯ ನನ್ನನ್ನಿನ್ನೂ ಕಾಡುತ್ತೆ. ಸೆರೆಸಿಕ್ಕ ಓಡೋ ಕೂಡ ರೂಪ ಬದಲಿಸಬಲ್ಲ ಆ ಶತ್ರುವಿನ ಕುಲದವನೇ; ಆಗಾಗ ದ್ರವವಾಗಿ ವಿಶ್ರಮಿಸಲೇಬೇಕು. ಯಂತ್ರವೊಂದು ಅದನ್ನ ತಡೆದಿದೆ. ಚರ್ಮ ಹಕ್ಕಳೆ ಹಕ್ಕಳೆಯಾಗಿ ಉದುರ್ತಿದೆ. ಹಿಂಸೆ ಕೊಡ್ತಿರೋ ಗ್ಯಾರಕ್ಕೇ, ಏನಾದರೂ ಹೇಳಿಬಿಡು ಅಂತ ಅಂಗಲಾಚ್ತಾನೆ. ತನ್ನವರ ಬಳಿಗೆ ಹೋಗಬೇಕು ಅನ್ನೋದಷ್ಟೇ ಓಡೋನ ಉತ್ತರ. ಅದನ್ನ ಗ್ಯಾರಕ್ ಟೇನ್‌ಗೆ ಹೇಳೋದೇ ಇಲ್ಲ.

ಗುರಿ ತಲುಪಿದರೆ ಅಲ್ಲಿ ಶತ್ರು ಹೊಂಚುಹಾಕಿ ಕಾದಿದ್ದ. ಜೊತೆಗಿದ್ದ ರೋಮುಲನ್ ಕರ್ನಲ್ಲೇ ವೇಷ ಮರೆಸಿದ ಶತ್ರು! ಇಡೀ ನೌಕಾಪಡೆ ನಾಶ. ಆಬ್ಸಿಡಿಯನ್ ಆರ್ಡರ್ ಮತ್ತೆ ಚೇತರಿಸಿಕೊಳ್ಳಲಿಲ್ಲ.