ಒಬ್ಬಟ್ಟಿನ ತಟ್ಟೆಗೆ ಪೆರ್ನಾಳಿನ ಚಾಕಲೇಟ್ ಬಾರ್

2024ರ ಏಪ್ರಿಲ್ 9, ಯುಗಾದಿ. ಅಂದು ಸಂಜೆ ಇಫ್ತಾರ್‌ಗೆ ಮುಂಚೆಯೇ ಮಧುಗಿರಿಯ ನಮ್ಮ ಮನೆಗೆ ಅಕ್ಕಪಕ್ಕದ ಎರಡು ಮನೆಗಳಿಂದ ಒಬ್ಬಟ್ಟು ಬಂತು. 10ಕ್ಕೆ ಮಂಗಳೂರಿನಲ್ಲಿ ಪೆರ್ನಾಳ್, ಇಲ್ಲಿ ಘಟ್ಟದ ಮೇಲೆ 11ಕ್ಕೆ. ಕರಾವಳಿಯವರು ಕೇರಳದ ಕಡೆ ಕಂಡ ಚಂದ್ರನನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಕೆಲವು ವರ್ಷ ಹೀಗೆ ಒಂದು ದಿನ ಹಿಂದೆಮುಂದೆ ಆಗುವುದುಂಟು. ಊರಿನಿಂದ ಉಮ್ಮ ಫೋನ್ ಮಾಡಿ, "ಇಲ್ಲಿ ಬಿರಿಯಾನಿ ಇಳಿಸಿ ಆಯ್ತು, ನಿಮ್ಗೆ ಇನ್ನೂ ನೋಂಬಾ?" ಎಂದು ಕೇಳಿದಾಗ ನಾವು ಹಿಟ್ಟು ಜರಡಿ ಹಿಡಿಯುತ್ತಿದ್ದೆವು.

ಒಬ್ಬಟ್ಟಿನ ತಟ್ಟೆಗಳು ಕಟ್ಟೆಯ ಮೇಲೆ ತೊಳೆದಿಟ್ಟು ಕಾಯುತ್ತಿದ್ದವು. ತಟ್ಟೆಯನ್ನು ಖಾಲಿ ಕಳಿಸುವ ಪದ್ಧತಿ ಊರಲ್ಲೂ ಇಲ್ಲ, ಇಲ್ಲೂ ಇಲ್ಲ. ಆದರೆ ತುಂಬುವುದೇನನ್ನು? ಮಾಂಸ ತಿನ್ನದ ಮನೆಗೆ ಬಿರಿಯಾನಿ ಕೊಡಲಾಗದು. ಎಷ್ಟೋ ವರ್ಷ ಬಾಳೆಹಣ್ಣು, ಸಕ್ಕರೆ ಪೊಟ್ಟಣ ಇಟ್ಟು ಕಳಿಸಿದೆವು. ಅವರು ಬೆಳಗಿನಿಂದ ಹೂರಣ ರುಬ್ಬಿ, ಒಲೆ ಮುಂದೆ ನಿಂತು ಬೇಯಿಸಿದ್ದಕ್ಕೆ ನಮ್ಮದು ಅಂಗಡಿಯ ಪೊಟ್ಟಣ! ನಮಗೇ ನಾಚಿಕೆಯಾಗುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಮಾಡಿದ್ದನ್ನು ತಿನ್ನುತ್ತಾರೋ ಇಲ್ಲವೋ ಎಂಬ ಅಳುಕೂ ಒಳಗಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ವರ್ಷ ಧೈರ್ಯ ಮಾಡಿ ಮೊಟ್ಟೆಯಿಲ್ಲದ ಚಾಕಲೇಟ್ ಚಿಪ್ ಬಾರ್ ಮಾಡಿದೆವು. ಕುಕ್ಕೀಸ್ ಆದರೆ ಒಂದೊಂದೇ ಉಂಡೆ ತಟ್ಟಿ, ಐದಾರರಂತೆ ಬೇಯಿಸುತ್ತಾ ಕೂರಬೇಕು. ಬಾರ್ ಹಾಗಲ್ಲ, ಇಡೀ ಹಿಟ್ಟನ್ನು ಒಂದೇ ಟ್ರೇಗೆ ಒತ್ತಿ, ಬೆಂದ ಮೇಲೆ ಕತ್ತರಿಸಿದರಾಯ್ತು. ನೋಂಬಿನ ದಿನ ಇದೇ ವಾಸಿ.

ಅಳತೆ ಹೀಗೆ: ಮೃದುವಾದ ಬೆಣ್ಣೆ 120 ಗ್ರಾಂ, ಬೆಲ್ಲದ ಪುಡಿ 120, ಸಕ್ಕರೆ 50. ಚೆನ್ನಾಗಿ ಕಲಸಿ ನಾಲ್ಕು ಚಮಚ ಗಟ್ಟಿ ಮೊಸರು ಸೇರಿಸಬೇಕು. ಮೊಟ್ಟೆಯ ಜಾಗಕ್ಕೆ ಮೊಸರು. ಅದರ ಹುಳಿ ಸೋಡಾದ ಜತೆ ಸೇರಿದಾಗ ಹಿಟ್ಟು ಉಬ್ಬುತ್ತದೆ. ಆಮೇಲೆ 200 ಗ್ರಾಂ ಮೈದಾ, ಅರ್ಧ ಚಮಚ ಅಡುಗೆ ಸೋಡಾ, ಏಲಕ್ಕಿ ಪುಡಿ. ವೆನಿಲ್ಲಾ ಎಸೆನ್ಸ್‌ನಲ್ಲಿ ಆಲ್ಕೋಹಾಲ್ ಇರಬಹುದೆಂದು ನಾವು ಏಲಕ್ಕಿಗೇ ಅಂಟಿಕೊಂಡಿದ್ದೇವೆ, ರುಚಿಗೂ ಅದೇ ಮೇಲು. ಕೊನೆಗೆ ಚಾಕಲೇಟ್ ಚೂರು 120 ಗ್ರಾಂ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಒಂದು ಹಿಡಿ. ಬೀಜ ಪಾವಗಡದ ನೆಂಟರ ಮನೆಯಿಂದ ಬರುತ್ತದೆ. ಗೋಡಂಬಿ ಯಾಕೆ ಬೇಕು ಹೇಳಿ? ಚಾಕಲೇಟ್ ನಮ್ಮ ಊರಿನ ಕಡೆಯದು. ಪುತ್ತೂರಿನಲ್ಲಿ ಕ್ಯಾಂಪ್ಕೊ 1986ರಲ್ಲಿ ಕಾರ್ಖಾನೆ ತೆರೆದಾಗಿನಿಂದ ಅಡಿಕೆ ತೋಟದ ನೆರಳಿನ ಕೊಕ್ಕೊಗೆ ಒಂದು ದಾರಿಯಾಯಿತು. ಸಿರಾದ ತಂಗಿ ಊರಿಗೆ ಹೋದಾಗ ತರುವ ಆ ಚಾಕಲೇಟನ್ನೇ ಚಾಕುವಿನಿಂದ ಚೂರು ಮಾಡುತ್ತೇವೆ.

ನೋಂಬಿನಲ್ಲಿ ನಾವು ರುಚಿ ನೋಡುವುದಿಲ್ಲ, ಆದ್ದರಿಂದ ತಕ್ಕಡಿಯನ್ನೇ ನಂಬಬೇಕು. ಮೊದಲ ಸಲ ಉಪ್ಪು ಬೆಣ್ಣೆ ಹಾಕಿ, ಮೇಲಿಂದ ಉಪ್ಪನ್ನೂ ಹಾಕಿಬಿಟ್ಟಿದ್ದೆವು. ಗೊತ್ತಾದದ್ದು ಮಗ್ರಿಬ್ ಆದ ಮೇಲೆ. ಇಡೀ ಟ್ರೇ ನಮ್ಮ ಮಕ್ಕಳ ಪಾಲಾಯ್ತು, ರಾತ್ರಿ ಹನ್ನೊಂದಕ್ಕೆ ಮತ್ತೆ ಬೆಣ್ಣೆ ಹುಡುಕಿಕೊಂಡು ಹೊರಟಿದ್ದಾಯ್ತು.

ಎಂಟು ಇಂಚಿನ ಚೌಕದ ಟ್ರೇ, 180 ಡಿಗ್ರಿ, 22ರಿಂದ 25 ನಿಮಿಷ. ಬದಿ ಕೆಂಪಾಗಿ ನಡು ಇನ್ನೂ ಮೆತ್ತಗಿರುವಾಗಲೇ ತೆಗೆಯಬೇಕು, ಆರುತ್ತಾ ಗಟ್ಟಿಯಾಗುತ್ತದೆ. ಕೊರಟಗೆರೆಯ ನಮ್ಮ ನಾದಿನಿಗೆ ಓವನ್ ಇಲ್ಲ. ಅವಳು ಹಳೇ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ಹತ್ತು ನಿಮಿಷ ಕಾಯಿಸಿ, ಏಳಿಂಚಿನ ದುಂಡು ತಟ್ಟೆಯಲ್ಲಿ ಅರ್ಧ ಅಳತೆಯ ಹಿಟ್ಟು ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಒಳಗೆ ಇಳಿಸುತ್ತಾಳೆ. ಇದರಲ್ಲಿ ಹೊಸದೇನಿದೆ? ನಮ್ಮ ಅಜ್ಜಿಯಂದಿರು ಕಲ್ತಪ್ಪದ ಪಾತ್ರೆಗೆ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ!

ಪೂರ್ತಿ ಆರುವ ಮುಂಚೆ ಚಾಕು ಹಾಕಬೇಡಿ, ಪುಡಿಪುಡಿಯಾಗುತ್ತದೆ. ಬಿಸಿಲಿನಲ್ಲಿ ಬಸ್ಸಿನಲ್ಲೂ ಕಳಿಸಬೇಡಿ. ಒಮ್ಮೆ ಪಾವಗಡಕ್ಕೆ ಕಳಿಸಿದ ಡಬ್ಬದಲ್ಲಿ ಹದಿನಾರು ತುಂಡೂ ಅಂಟಿಕೊಂಡು ಒಂದೇ ಆಗಿ ತಲುಪಿತ್ತು. ಅವರು ಚಮಚ ಹಾಕಿ ತಿಂದರಂತೆ.

11ರ ಬೆಳಿಗ್ಗೆ ನಮಾಜು ಮುಗಿದ ಮೇಲೆ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋದೆವು. ಈ ಟ್ರೇ ಬೇರೆ ಯಾವುದಕ್ಕೂ ಬಳಸಿಲ್ಲ ಎಂದು ನಾವೇ ಮೊದಲು ಹೇಳಿದೆವು. ಅಜ್ಜಿ ಒಂದು ತುಂಡು ಎತ್ತಿ ತಿರುಗಿಸಿ ನೋಡಿ, "ಮೊಟ್ಟೆಗಿಟ್ಟೆ ಹಾಕಿಲ್ಲ ತಾನೇ ಕಣಮ್ಮ?" ಅಂದರು. ಇಲ್ಲ ಅಂದೆವು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ಮೊಮ್ಮಗ ಎರಡು ತುಂಡು ಎತ್ತಿಕೊಂಡು ಬೀದಿಗೆ ಓಡಿದ್ದ.

2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ಪೆರ್ನಾಳ್. ಒಬ್ಬಟ್ಟಿನ ತಟ್ಟೆ ತಂದ ಆ ಹುಡುಗ ಹೊಸ್ತಿಲಲ್ಲೇ ನಿಂತು ಕೇಳಿದ: "ನಾಳೆ ಎಷ್ಟೊತ್ತಿಗೆ ಕೊಡ್ತೀರಾ ಆಂಟಿ?"