ನೇಮ ತಪ್ಪದವರ ಸೀಮೆ

ವಿಜಯಪುರದ ಪಡುವಣ ಸೀಮೆಯಲ್ಲಿ, ತಿಕೋಟಾ ದಾಟಿ ಕಳ್ಳಕವಟಗಿಯತ್ತ, ಮಹಾರಾಷ್ಟ್ರದ ಗಡಿಯತ್ತ ಹೋದಂತೆ, ದಿನನಿತ್ಯದ ಸಾಧನೆಗೆ ಇರುವ ಹಳೆಯ ಹೆಸರು ನೇಮ. ಲಿಂಗಪೂಜೆಯಿರಲಿ, ನಾಮಸ್ಮರಣೆಯಿರಲಿ, ‘ನಂದಿನ್ನೂ ನೇಮ ಆಗಿಲ್ರಿ’ ಎಂದವರಿಗೆ ಯಾರೂ ಊಟಕ್ಕೆ ಒತ್ತಾಯ ಮಾಡುವುದಿಲ್ಲ. ಆ ಮಾತಿಗೆ ಅಷ್ಟು ಮರ್ಯಾದೆ. ಆದರೆ ಈಗೀಗ ಕೇಳಿಬರುವ ಮಾತೇ ಬೇರೆ: ‘ಕೂಡಬೇಕಂತ ಅನಸ್ತದ, ಮನಸ್ಸ ನಿಲ್ಲಂಗಿಲ್ಲ, ಅದಕ್ಕ ಬಿಟ್ಟೀನಿ.’ ಮೊದಲು ಮನಸ್ಸು ನಿಲ್ಲಬೇಕು, ಭಕ್ತಿ ಉಕ್ಕಬೇಕು, ಆಮೇಲೆ ನೇಮ ಎಂಬ ಲೆಕ್ಕ ಇದು. ಈ ಲೆಕ್ಕ ತಲೆಕೆಳಗಾಗಿದೆ ಎನ್ನುವುದೇ ನನ್ನ ವಾದ. ಭಕ್ತಿ ನೇಮದ ಬೆಳೆ. ಬೆಳೆ ಬಂದ ಮೇಲೆ ಬಿತ್ತುತ್ತೇನೆ ಎಂದು ಈ ಸೀಮೆಯ ಯಾವ ರೈತನೂ ಹೇಳುವುದಿಲ್ಲ.

ಇಷ್ಟಲಿಂಗ ಪೂಜೆಯನ್ನೇ ಹತ್ತಿರದಿಂದ ನೋಡಬಹುದು. ಮಿಂದು, ಮೂರು ಬೆರಳಲ್ಲಿ ವಿಭೂತಿ ಎಳೆದು, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂಡುವುದು. ನೀರು, ವಿಭೂತಿ, ಪತ್ರಿ, ಅಷ್ಟೇ ಸಾಮಗ್ರಿ. ನಂತರ ಲಿಂಗದ ಮೇಲ್ಪದರವಾದ ಕಪ್ಪು ಕಂತಿಯ ಮೇಲೆ ಹೊಳೆಯುವ ಬೆಳಕಿನ ಚುಕ್ಕೆಯಲ್ಲಿ ಕಣ್ಣು ನೆಡುವುದು. ಇದರಲ್ಲಿ ಯಾವುದಕ್ಕೂ ಮೊದಲೇ ಶಾಂತವಾದ ಮನಸ್ಸು ಬೇಕಿಲ್ಲ. ಕೈಗೆ ಕೆಲಸವಿದೆ, ಕಣ್ಣಿಗೆ ನೆಲೆಯಿದೆ. ಅಂಗೈ ಅಲುಗಿದರೆ ಲಿಂಗವೂ ಅಲುಗುತ್ತದೆ, ಆದ್ದರಿಂದ ಮೈ ತಾನಾಗಿ ಸ್ಥಿರವಾಗುತ್ತದೆ, ಉಸಿರು ನಿಧಾನವಾಗುತ್ತದೆ. ಮನಸ್ಸು ಕೊನೆಗೆ, ಬಂದರೆ ಬರುತ್ತದೆ. ಬಾರದ ದಿನವೂ ಪೂಜೆ ಪೂಜೆಯೇ. ಈ ವಿಧಿಯನ್ನು ರೂಪಿಸಿದವರಿಗೆ ಮನುಷ್ಯನ ಮನಸ್ಸಿನ ಚಂಚಲತೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಆರಂಭವನ್ನು ಮನಸ್ಸಿನ ಕೈಗೆ ಕೊಡಲಿಲ್ಲ.

ಇದೇ ಜಿಲ್ಲೆಯ ಇಂಚಗೇರಿ ಸಂಪ್ರದಾಯ ಇನ್ನೂ ಗಟ್ಟಿಯಾದ ಸಾಕ್ಷಿ. ಇವತ್ತು ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿರುವ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ನಾಮಸ್ಮರಣೆಯ ದೀರ್ಘ ನೇಮವನ್ನೇ ಈ ಪರಂಪರೆಯ ಬೆನ್ನೆಲುಬಾಗಿ ಮಾಡಿದರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಭಾವೂಸಾಹೇಬರಿಂದ ನಾಮ ಪಡೆದದ್ದು 1901ರಲ್ಲಿ, ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿ. ಮುಂದೆ ಅವರು ಉಪನಿಷತ್ತುಗಳ ಮೇಲೆ ಹೆಸರಾಂತ ಗ್ರಂಥ ಬರೆದರು, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಗ್ರೀಕರಿಂದ ಹಿಡಿದು ಕನ್ನಡದ ಶರಣರು, ದಾಸರವರೆಗೆ ಓದಿಕೊಂಡ ಈ ಪಂಡಿತರು 1957ರಲ್ಲಿ ದೇಹ ಬಿಡುವವರೆಗೂ ನಿಂಬಾಳದ ತಮ್ಮ ಆಶ್ರಮಕ್ಕೆ, ಅಲ್ಲಿನ ನೇಮಕ್ಕೆ ಮರಳುತ್ತಲೇ ಇದ್ದರು. ಅಷ್ಟು ತಿಳಿದವರಿಗೂ ತಿಳಿವಳಿಕೆಯೊಂದೇ ಸಾಲಲಿಲ್ಲ ಎಂಬುದನ್ನು ನಾವು ಹಗುರವಾಗಿ ದಾಟಿಹೋಗಬಾರದು.

ನೇಮದ ಈ ಹಾದಿಗೆ ಬಲವಾದ ಆಕ್ಷೇಪ ಬಂದದ್ದು ಹೊರಗಿನವರಿಂದಲ್ಲ, ಇದೇ ಪರಂಪರೆಯ ಒಳಗಿನಿಂದ. ಸೊಲ್ಲಾಪುರ ಸೀಮೆಯಲ್ಲಿ 1888ರಲ್ಲಿ ಹುಟ್ಟಿ, ವಿಜಯಪುರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಸಿದ್ಧರಾಮೇಶ್ವರ ಮಹಾರಾಜರೂ ಭಾವೂಸಾಹೇಬರ ಶಿಷ್ಯರೇ. ಗುರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅವರು ಧ್ಯಾನದ್ದು ಪಿಪೀಲಿಕಾ ಮಾರ್ಗ, ಇರುವೆಯ ನಡಿಗೆ ಎಂದರು. ಗುರುವಚನ ಕೇಳಿ, ವಿಚಾರದಿಂದ ಸತ್ಯ ಮುಟ್ಟುವುದು ವಿಹಂಗಮ ಮಾರ್ಗ, ಹಕ್ಕಿಯ ಹಾರಾಟ ಎಂದರು. ಗುರುಬಂಧುಗಳಿಗೆ ಇದು ರುಚಿಸಲಿಲ್ಲ. ಸಿದ್ಧರಾಮೇಶ್ವರರ ಶಿಷ್ಯ ನಿಸರ್ಗದತ್ತ ಮಹಾರಾಜರು ಮುಂಬೈಯ ಬೀಡಿ ಅಂಗಡಿಯ ಬದುಕಿನಿಂದ ಬಂದು ಆ ಹಾದಿಯನ್ನು ಲೋಕಕ್ಕೆಲ್ಲ ತಿಳಿಸಿದರು. ಹಾಗಾದರೆ ದಿನದಿನದ ಕೂಡುವಿಕೆ ವ್ಯರ್ಥವೇ? ನನಗೆ ಹಾಗೆ ತೋರುವುದಿಲ್ಲ. ಇರುವೆಯ ನಡಿಗೆ ಸಾಲದು ಎಂದ ಸಿದ್ಧರಾಮೇಶ್ವರರೇ ಅದಕ್ಕೆ ಮೊದಲು ವರ್ಷಗಟ್ಟಲೆ ಆ ಹಾದಿಯಲ್ಲಿ ನಡೆದವರು. ಆಚೆಗೇನಿದೆ ಎಂದು ಹುಡುಕುವಾಗಲೂ ವಿಜಯಪುರದಲ್ಲೇ ತಿಂಗಳುಗಟ್ಟಲೆ ಧ್ಯಾನಕ್ಕೆ ಕೂತವರು. ಗುರುವಿನ ಒಂದು ಮಾತು ಎದೆಗೆ ನಾಟಬೇಕಾದರೆ ಎದೆ ಹದವಾಗಿರಬೇಕು. ಆ ಹದ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅವರ ಜೀವನವೇ ಉತ್ತರ ಕೊಡುತ್ತದೆ.

ನೇಮ ಯಾಂತ್ರಿಕವಾಗುತ್ತದೆ ಎಂಬ ಆಕ್ಷೇಪ ಹನ್ನೆರಡನೆಯ ಶತಮಾನದಷ್ಟು ಹಳೆಯದು. ಬಾಗೇವಾಡಿಯ ಬಸವಣ್ಣನವರೂ ಅಲ್ಲಮರೂ ತೋರಿಕೆಯ ಪೂಜೆಯನ್ನು ಬಿಡದೆ ಝಾಡಿಸಿದ್ದಾರೆ. ಆದರೂ ಶರಣರು ಅಂಗೈಯ ಲಿಂಗವನ್ನು ಕೆಳಗಿಡಲಿಲ್ಲ. ಪತಂಜಲಿ ಅಭ್ಯಾಸ ಗಟ್ಟಿಯಾಗಲು ಮೂರು ಮಾತು ಹೇಳುತ್ತಾನೆ: ಬಹುಕಾಲ, ಎಡೆಬಿಡದೆ, ಆದರದಿಂದ. ನಾವು ಮೊದಲೆರಡನ್ನು ಎಣಿಸುತ್ತೇವೆ, ಮೂರನೆಯದನ್ನು ಮರೆಯುತ್ತೇವೆ. ಯಂತ್ರಕ್ಕೆ ಆದರವಿಲ್ಲ. ಅದೇ ಯೋಗಸೂತ್ರಗಳನ್ನು ಹಳ್ಳಿಗರಿಗೂ ತಿಳಿಯುವ ಕನ್ನಡದಲ್ಲಿ ವಿವರಿಸಿದ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಇದೇ ತಿಕೋಟಾ ಸೀಮೆಯ ಬಿಜ್ಜರಗಿಯವರು. ಅವರ ಅಂಗಿಗೆ ಜೇಬಿರಲಿಲ್ಲ. 2018ರ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ತಮಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ಹೊರಟುಹೋದರು. ಆದರ ಬೆರೆತ ಅಭ್ಯಾಸ ಒಳಗೆ ಏನು ಮಾಡಿದೆ ಎಂಬುದು ಹೊರಗಿನ ಇಂಥ ನಡೆಯಲ್ಲಿ ಕಾಣುತ್ತದೆ, ಮುಚ್ಚಿದ ಕಣ್ಣುಗಳಲ್ಲಲ್ಲ. ನೇಮ ಮನುಷ್ಯನನ್ನು ತನ್ನೊಳಗೇ ಕೂಡಿಹಾಕುತ್ತದೆ ಎನ್ನುವವರು ಇಂಚಗೇರಿ ಮಠದ ಮಾಧವಾನಂದ ಪ್ರಭೂಜಿಯವರನ್ನು ನೆನೆಯಬೇಕು. ಆ ಮಠದಿಂದಲೇ ಅವರು ಸ್ವಾತಂತ್ರ್ಯ ಹೋರಾಟಕ್ಕಿಳಿದರು, ಅಂತರ್ಜಾತಿ ಮದುವೆಗಳನ್ನು ಮಾಡಿಸಿದರು.

ಹೊತ್ತಿಲ್ಲ ಎಂಬ ಮಾತೊಂದು ಉಳಿಯಿತು. ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿಯ ದಿನಗಳಲ್ಲಿ, ಔಷಧ ಹೊಡೆಯುವ ದಿನಗಳಲ್ಲಿ ಇಲ್ಲಿನ ತೋಟದವರಿಗೆ ಉಸಿರಾಡಲು ಬಿಡುವಿಲ್ಲ ಎಂಬುದು ನಿಜ. ಅಂಥವರಿಗೆ ಹತ್ತು ನಿಮಿಷದ ನೇಮ ಸಾಕು, ತಪ್ಪದಿದ್ದರೆ. ನನ್ನನ್ನು ಕಾಡುವ ಆಕ್ಷೇಪ ಬೇರೆ. ಎಷ್ಟೋ ಮನೆಗಳಲ್ಲಿ ಒಬ್ಬರ ನೇಮ ನಿಂತಿರುವುದು ಇನ್ನೊಬ್ಬರ ದುಡಿಮೆಯ ಮೇಲೆ. ನೀರು ಕಾಯಿಸಿ, ಪತ್ರಿ ತಂದಿಟ್ಟು, ಮಕ್ಕಳ ಸದ್ದು ಅಡಗಿಸಿ, ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ತಾನು ಕೂಡುವ ಹೊತ್ತು ಬರುವುದೇ ಇಲ್ಲ. ಶರಣರು ಗಂಡು ಹೆಣ್ಣೆನ್ನದೆ ಲಿಂಗ ಕಟ್ಟಿದ ನೆಲವಿದು. ಅಂಗೈಗೆ ಲಿಂಗ ಕೊಟ್ಟ ಮೇಲೆ ಅದನ್ನು ನೋಡುವ ಹೊತ್ತನ್ನೂ ಕೊಡಬೇಕಲ್ಲವೇ? ನಾಳೆ ನಸುಕಿನಲ್ಲಿ ಆಕೆ ದೇವರ ಜಗಲಿಯ ಮುಂದೆ ಕೂತಾಗ, ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಲು ಮನೆಯ ಇನ್ನೊಬ್ಬರು ಒಲೆಯ ಮುಂದಿರಲಿ.