ಮೂವತ್ತು ವರ್ಷ ತಡವಾಗಿ ಕೇಳಿಸಿದ ದನಿ

1968ರಲ್ಲಿ ಲಂಡನ್ನಿನಿಂದ ಸ್ಕಾಟ್ಲೆಂಡಿನ ದ್ವೀಪಗಳ ಕಡೆಗೆ ಹೋಗಲು ರೈಲಿತ್ತು, ಬಸ್ಸಿತ್ತು. ಇಪ್ಪತ್ಮೂರರ ಹರೆಯದ ಗಾಯಕಿ ವಷ್ಟಿ ಬನ್ಯನ್ ಮತ್ತು ಅವರ ಸಂಗಾತಿ ರಾಬರ್ಟ್ ಲೂಯಿಸ್ ಹೊರಟದ್ದು ಕುದುರೆಗಾಡಿಯಲ್ಲಿ. ಎಳೆಯಲು ಬೆಸ್ ಎಂಬ ಹೆಣ್ಣುಕುದುರೆ, ಜೊತೆಗೆ ಬ್ಲೂ ಎಂಬ ನಾಯಿ. ಗಾಡಿಗೂ ಕುದುರೆಗೂ ಸಾಲ ಕೊಟ್ಟವರು ಆ ಕಾಲದ ಜನಪ್ರಿಯ ಗಾಯಕ ಡಾನೊವನ್. ಸ್ಕೈ ದ್ವೀಪದ ಬಳಿ ಕಲಾವಿದರೆಲ್ಲ ಕೂಡಿ ಬಾಳುವ ನೆಲೆಯೊಂದನ್ನು ಕಟ್ಟಬೇಕೆಂಬುದು ಡಾನೊವನ್ ಅವರ ಕನಸು. ಅದನ್ನೇ ನಂಬಿ ಹೊರಟ ಈ ಜೋಡಿ ಊರೂರು ದಾಟಿ, ಚಳಿಗಾಲ ಕಳೆದು, ಮರುವರ್ಷ ಅಲ್ಲಿಗೆ ತಲುಪುವಷ್ಟರಲ್ಲಿ ಡಾನೊವನ್ ಜಾಗ ಖಾಲಿ ಮಾಡಿದ್ದರು.

ನೆಲೆ ಸಿಗಲಿಲ್ಲ. ಹಾಡುಗಳು ಸಿಕ್ಕವು.

ಅದಕ್ಕೂ ಮೊದಲು ವಷ್ಟಿ ಹಿಡಿಯಹೊರಟಿದ್ದು ಬೇರೆಯದೇ ದಾರಿ. 1945ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಟೈನ್ ನದಿಯ ಸೀಮೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬೆಳೆದವರು ಅವರು. ತಂದೆ ದಂತವೈದ್ಯರು. ಆಕ್ಸ್‌ಫರ್ಡಿನ ರಸ್ಕಿನ್ ಕಲಾಶಾಲೆಗೆ ಚಿತ್ರಕಲೆ ಕಲಿಯಲು ಸೇರಿದರೂ ಕುಂಚಕ್ಕಿಂತ ಗಿಟಾರ್ ಕೈಯಲ್ಲಿ ಹೆಚ್ಚು ಹೊತ್ತು ಇರುತ್ತಿತ್ತು. ತರಗತಿಗೆ ಚಕ್ಕರ್ ಹೊಡೆದರೆಂದು ಶಾಲೆ ಅವರನ್ನು ಹೊರಹಾಕಿತು. ಹದಿನೆಂಟರ ವಯಸ್ಸಿನಲ್ಲಿ ನ್ಯೂಯಾರ್ಕಿಗೆ ಹೋದಾಗ ಬಾಬ್ ಡಿಲನ್‌ರ ‘ಫ್ರೀವೀಲಿನ್’ ಆಲ್ಬಂ ಕಿವಿಗೆ ಬಿತ್ತು. ಹಾಡುವುದೇ ತನ್ನ ಕೆಲಸ ಎಂದು ನಿಶ್ಚಯಿಸಿಕೊಂಡೇ ಊರಿಗೆ ಮರಳಿದರು.

1965ರಲ್ಲಿ ಅವರನ್ನು ಗುರುತಿಸಿದವರು ‘ರೋಲಿಂಗ್ ಸ್ಟೋನ್ಸ್’ ತಂಡದ ಮ್ಯಾನೇಜರ್ ಆಂಡ್ರ್ಯೂ ಲೂಗ್ ಓಲ್ಡಮ್. ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಬರೆದ ಹಾಡೊಂದನ್ನು ವಷ್ಟಿ ಕೈಗಿತ್ತು, ಡೆಕ್ಕಾ ಕಂಪನಿಯಿಂದ ರೆಕಾರ್ಡ್ ಹೊರತಂದರು. ರೆಕಾರ್ಡಿನ ಮೇಲೆ ಗಾಯಕಿಯ ಹೆಸರು ಸುಮ್ಮನೆ ‘ವಷ್ಟಿ’. ಅದರ ಹಿಂಬದಿಯಲ್ಲಿದ್ದದ್ದು ವಷ್ಟಿ ತಾವೇ ಕಟ್ಟಿದ ಹಾಡು. ರೆಕಾರ್ಡ್ ಓಡಲಿಲ್ಲ. ಮರುವರ್ಷ ಅಲಸ್ಡೇರ್ ಕ್ಲೇರ್ ಎಂಬ ಕವಿಯ ಸಾಲುಗಳಿಗೆ ರಾಗ ಹಾಕಿದ ‘ಟ್ರೇನ್ ಸಾಂಗ್’ ಬಂತು. ಅದೂ ಸದ್ದು ಮಾಡಲಿಲ್ಲ. ಓಲ್ಡಮ್ ಅವರ ‘ಇಮ್ಮೀಡಿಯೆಟ್’ ಕಂಪನಿಗೆ ಮುದ್ರಿಸಿದ ಹಾಡುಗಳಂತೂ ಆಗ ಬಿಡುಗಡೆಯನ್ನೇ ಕಾಣಲಿಲ್ಲ. ಪಾಪ್ ಲೋಕದ ಬಾಗಿಲು ತಟ್ಟಿ ತಟ್ಟಿ ಬೇಸತ್ತಿದ್ದವರಿಗೆ ಕುದುರೆಗಾಡಿಯೇ ಬಿಡುಗಡೆಯಾಗಿ ಕಂಡಿರಬೇಕು.

ದಾರಿಯಲ್ಲಿ ಕಟ್ಟಿದ ಹಾಡುಗಳ ವಸ್ತುವೆಲ್ಲ ಕಣ್ಣಳತೆಯವೇ. ಹೊಲ, ಬೆಟ್ಟ, ಮಿಂಚುಹುಳ, ಕೊಳ, ಬಾನಾಡಿ. ‘ಜಾಗ್ ಅಲಾಂಗ್ ಬೆಸ್’ ಎಂಬ ಹಾಡು ಎಳೆದು ದಣಿಯುವ ಕುದುರೆಯ ಮೇಲೆಯೇ ಇದೆ. ‘ಲಿಲಿ ಪಾಂಡ್’ ಹಾಡಿಗೆ ಬಳಸಿಕೊಂಡಿದ್ದು ‘ಟ್ವಿಂಕಲ್ ಟ್ವಿಂಕಲ್’ ಶಿಶುಗೀತೆಯ ಮಟ್ಟು. ದನಿಯೋ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂಬಂತೆ ತಗ್ಗಿದ್ದು. ಕೇಳುವವರೇ ಹತ್ತಿರ ಸರಿಯಬೇಕು, ಹಾಡು ಎದ್ದು ಬರುವುದಿಲ್ಲ.

ಪಯಣದ ನಡುವೆ ಪರಿಚಯವಾದ ನಿರ್ಮಾಪಕ ಜೋ ಬಾಯ್ಡ್ ಈ ಹಾಡುಗಳನ್ನು ಆಲ್ಬಂ ಮಾಡಲು ಮುಂದಾದರು. 1969ರ ಕೊನೆಯಲ್ಲಿ ಲಂಡನ್ನಿನ ಚೆಲ್ಸಿ ಬಡಾವಣೆಯ ‘ಸೌಂಡ್ ಟೆಕ್ನಿಕ್ಸ್’ ಸ್ಟುಡಿಯೊದಲ್ಲಿ ಧ್ವನಿಮುದ್ರಣ ನಡೆಯಿತು. ‘ಫೇರ್‌ಪೋರ್ಟ್ ಕನ್ವೆನ್ಷನ್’ ತಂಡದ ಡೇವ್ ಸ್ವಾರ್ಬ್ರಿಕ್, ಸೈಮನ್ ನಿಕಲ್, ‘ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್’ನ ರಾಬಿನ್ ವಿಲಿಯಮ್ಸನ್ ಪಕ್ಕವಾದ್ಯಕ್ಕೆ ಬಂದರು. ಗಾಯಕ ನಿಕ್ ಡ್ರೇಕ್ ಅವರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ್ದ ರಾಬರ್ಟ್ ಕರ್ಬಿ ಇಲ್ಲಿಯೂ ಕೆಲವು ಹಾಡುಗಳಿಗೆ ಅದೇ ಕೆಲಸ ಮಾಡಿದರು. ಅಂದಿನ ಇಂಗ್ಲಿಷ್ ಜಾನಪದ ಸಂಗೀತದ ಘಟಾನುಘಟಿಗಳೇ ಸುತ್ತ ನಿಂತಿದ್ದರಿಂದ ಆಲ್ಬಂ ಕೂಡ ಆ ಖಾನೆಗೇ ಬಿತ್ತು. ವಷ್ಟಿ ಇದನ್ನು ಒಪ್ಪಿದ್ದೇ ಇಲ್ಲ. ತಾನು ಜಾನಪದ ಗಾಯಕಿಯಲ್ಲ, ತನ್ನವು ಪಾಪ್ ಹಾಡುಗಳು ಎಂಬ ಮಾತನ್ನು ಅವರು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಅವರ ತಕರಾರಿನಲ್ಲಿ ಹುರುಳಿದೆ. ಹಳೆಯ ಲಾವಣಿಗಳ ಸಂಗ್ರಹಕ್ಕೆ ಕೈಹಾಕಿದವರಲ್ಲ ಅವರು, ಹಾಡುಗಳು ಬಹುಪಾಲು ಸ್ವಂತ ಬದುಕಿನವು.

‘ಜಸ್ಟ್ ಅನದರ್ ಡೈಮಂಡ್ ಡೇ’ 1970ರ ಡಿಸೆಂಬರಿನಲ್ಲಿ ಹೊರಬಂತು. ಆ ವೇಳೆಗೆ ವಷ್ಟಿ ಬಾಣಂತಿ. ಮಾರಾಟವಾದದ್ದು ಕೆಲವೇ ನೂರು ಪ್ರತಿ. ಅವರು ಗಿಟಾರನ್ನು ಮೂಲೆಗಿಟ್ಟರು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಮೂರು ಮಕ್ಕಳನ್ನು ಬೆಳೆಸುತ್ತ, ಪ್ರಾಣಿಗಳನ್ನು ಸಾಕುತ್ತ ಮೂರು ದಶಕ ಕಳೆದರು.

ಇತ್ತ ಹಳೆಯ ರೆಕಾರ್ಡ್ ಕಲೆಹಾಕುವವರ ನಡುವೆ ಆಲ್ಬಂ ತನ್ನ ಪಾಡಿಗೆ ಕೈಯಿಂದ ಕೈಗೆ ದಾಟುತ್ತಿತ್ತು. ಮೂಲ ಪ್ರತಿಯ ಬೆಲೆ ಸಾವಿರ ಪೌಂಡ್ ಮೀರಿತು. 1990ರ ದಶಕದ ಕೊನೆಯಲ್ಲಿ ಮನೆಗೆ ಕಂಪ್ಯೂಟರ್ ಬಂದ ಮೇಲೆ ವಷ್ಟಿ ಇಂಟರ್ನೆಟ್ಟಿನಲ್ಲಿ ತಮ್ಮದೇ ಹೆಸರು ಹುಡುಕಿದರು. ತನ್ನ ಹಾಡಿಗೆ ಜನ ಹಂಬಲಿಸುತ್ತಿರುವುದು ಗೊತ್ತಾದದ್ದೇ ಆಗ. 2000ದಲ್ಲಿ ಆಲ್ಬಂ ಸಿ.ಡಿ.ಯಾಗಿ ಮರುಜನ್ಮ ಪಡೆಯಿತು. ಅಮೆರಿಕದ ಯುವ ಗಾಯಕ ಡೆವೆಂಡ್ರಾ ಬ್ಯಾನ್ಹಾರ್ಟ್ ಸಲಹೆ ಬೇಡಿ ವಷ್ಟಿಗೆ ಬರೆದರು, ಮುಂದೆ ತಮ್ಮ ಆಲ್ಬಂನಲ್ಲಿ ಅವರಿಂದ ಹಾಡಿಸಿಯೂ ಬಿಟ್ಟರು. ‘ಅನಿಮಲ್ ಕಲೆಕ್ಟಿವ್’ ತಂಡದ ಜೊತೆಗೂ ದನಿ ಕೂಡಿತು. ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ‘ಡೈಮಂಡ್ ಡೇ’ ಮೊಳಗಿದ ಮೇಲೆ, ಹೆಸರು ತಿಳಿಯದವರೂ ರಾಗ ಗುನುಗುವಂತಾಯಿತು.

ಎರಡನೆಯ ಆಲ್ಬಂ ‘ಲುಕ್‌ಆಫ್ಟರಿಂಗ್’ 2005ರಲ್ಲಿ ಬಂತು, ಮೊದಲನೆಯದು ಬಂದು ಮೂವತ್ತೈದು ವರ್ಷದ ಮೇಲೆ. ನಿರ್ಮಾಪಕರು ಮ್ಯಾಕ್ಸ್ ರಿಕ್ಟರ್, ಹೊದಿಕೆಯ ಚಿತ್ರ ಮಗಳದು. ಮೂರನೆಯದಾದ ‘ಹಾರ್ಟ್‌ಲೀಪ್’ಗೆ (2014) ವಷ್ಟಿಯೇ ನಿರ್ಮಾಪಕಿ. ಹೆಚ್ಚಿನ ಕೆಲಸ ನಡೆದದ್ದು ಮನೆಯಲ್ಲೇ. ಎರಡೂ ಕೈಗಳಿಂದ ಒಟ್ಟಿಗೆ ಪಿಯಾನೊ ನುಡಿಸಲು ಅವರಿಗೆ ಬಾರದು. ಅದಕ್ಕಾಗಿ ಒಂದೊಂದು ಕೈಯ ಸ್ವರವನ್ನು ಬೇರೆ ಬೇರೆಯಾಗಿ ಮುದ್ರಿಸಿ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರು. ಇದೇ ತನ್ನ ಕೊನೆಯ ಆಲ್ಬಂ ಎಂದೂ ಸಾರಿದರು. 2022ರಲ್ಲಿ ಬಂದ ಆತ್ಮಕಥೆ ‘ವೇವರ್ಡ್’ ಆ ಕುದುರೆಗಾಡಿ ದಿನಗಳ ಹಸಿವು, ಚಳಿ, ಊರವರ ಅನುಮಾನದ ನೋಟಗಳನ್ನೂ ಬಿಡದೆ ಹೇಳುತ್ತದೆ. ಹಾಡುಗಳಲ್ಲಿ ಕಾಣುವ ತಿಳಿಬಾನಿನ ಹಿಂದೆ ಎಷ್ಟು ಕಷ್ಟವಿತ್ತೆಂಬುದು ಅದನ್ನೋದಿದರೆ ಗೊತ್ತಾಗುತ್ತದೆ.

ವಷ್ಟಿಯ ಪರಿಚಯ ಇಲ್ಲದವರು ಮೊದಲ ಆಲ್ಬಂನಿಂದಲೇ ಆರಂಭಿಸಬಹುದು. ಹದಿನಾಲ್ಕು ಹಾಡು, ಎಲ್ಲ ಸೇರಿ ಅರ್ಧ ಗಂಟೆಯ ಆಸುಪಾಸು. ಇಷ್ಟವಾದರೆ ‘ಲುಕ್‌ಆಫ್ಟರಿಂಗ್’ ಹಾಕಿಕೊಳ್ಳಿ. ಎರಡರ ನಡುವೆ ಅಷ್ಟು ವರ್ಷ ಉರುಳಿದ್ದರೂ ದನಿ ಹೆಚ್ಚು ಬದಲಾಗಿಲ್ಲ.